ಒಂಟಿಕಾಲಿನ ಗುಬ್ಬಿ

ಸಾಕ್ಷಿಕಟ್ಟೆ ನನ್ನ ಎದೆಮಟ್ಟಕ್ಕೆ ಬರುತ್ತದೆ.
ಅದರ ಮೇಲೆ ಎರಡು ಪ್ಯಾಕೆಟ್ಟು.
ಎರಡರಲ್ಲೂ ಖಾರ ಮಂಡಕ್ಕಿ, ಎರಡರ ಮೇಲೂ ಗುಬ್ಬಿ.
ವಕೀಲರು ಕೇಳುತ್ತಾರೆ: ಇದರಲ್ಲಿ ನೀವು ಬರೆದದ್ದು ಯಾವುದು?

ಕನ್ನಡಕ ಒರೆಸುತ್ತೇನೆ, ಸುಮ್ಮನೆ.

ಚೌಕಿಪೇಟೆಯ ಓಣಿಯೊಳಗೆ ನಾಲ್ಕು ಮೊಳದ ಅಂಗಡಿ ನನ್ನದು;
ಬ್ಲಾಕು, ಸ್ಕ್ರೀನು, ಲಗ್ನಪತ್ರಿಕೆ, ಬೀಡಿ ಲೇಬಲ್ಲು.
ಒಂದು ಮಧ್ಯಾಹ್ನ ಹಾಜಿರಾಬಿ ಬಂದಳು,
ಸೆರಗಿನ ತುದಿಗೆ ಭಟ್ಟಿಯ ಬೂದಿ,
ಮುಂಗೈಗೆ ಸುಟ್ಟ ಮರಳಿನ ಚುಕ್ಕೆ.

"ಅಣ್ಣಾ, ನನಗೆ ಓದಾಕ ಬರಲ್ಲ,
ನನ್ನ ಗಿರಾಕಿಗೂ ಬರಲ್ಲ.
ಅಕ್ಷರ ಸಣ್ಣವಿರಲಿ, ಒಂದು ಹಕ್ಕಿ ದೊಡ್ಡದಾಗಿ ಕೂರ್ಸು.
ಜಗಳೂರಿನ ಮುದುಕಿ ಅಂಗಡಿ ಮುಂದೆ ನಿಂತು
'ಅದು ಕೊಡಪ್ಪ' ಅಂತ ಬೆರಳು ತೋರ್ಸಿದ್ರೆ ಸಾಕು."

ಎರಡು ಸಂಜೆ ಕೂತು ಬರೆದೆ.
ರೆಕ್ಕೆ ಬಂತು, ಕೊಕ್ಕು ಬಂತು, ಕಾಲು ಬರಲಿಲ್ಲ.
ಒಂದನ್ನು ಹೇಗೋ ನಿಲ್ಲಿಸಿ
ಇನ್ನೊಂದನ್ನು ಹೊಟ್ಟೆಯ ಪುಕ್ಕದೊಳಗೆ ಅಡಗಿಸಿದೆ.
ಚಳಿಗೆ ಮಡಚಿಕೊಂಡಿದೆ ನೋಡು, ಎಂದೆ.
"ಭಟ್ಟಿ ಮುಂದೆ ಎಲ್ಲೀ ಚಳಿ!" ಅಂತ ನಕ್ಕಳು.
ಕೊಟ್ಟದ್ದು ನೂರೈವತ್ತು ರೂಪಾಯಿ, ಅರ್ಧ ಚೀಲ ಮಂಡಕ್ಕಿ.

ಆಮೇಲೆ ಒಂದು ಕಾಗದ ತಂದಳು, ಟ್ರೇಡ್‌ಮಾರ್ಕಿನದು.
ಈ ಚಿತ್ರದ ಮೇಲೆ ನನಗೇನೂ ಇಲ್ಲವೆಂದು ಬರೆದಿತ್ತು.
ಹಕ್ಕಿ ಬರೆದ ಕೈಯೇ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿತು.
ಅವಳು ಅದನ್ನು ರೇಷನ್ ಕಾರ್ಡಿನ ಜೊತೆ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟಳು.

ಹದಿನಾಲ್ಕು ವರ್ಷ ನನ್ನ ಗುಬ್ಬಿ
ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ, ಹೊನ್ನಾಳಿಯ ಸಂತೆಯಲ್ಲಿ
ಮಾಲೆ ಮಾಲೆಯಾಗಿ ತೂಗಿತು, ಒಂಟಿಕಾಲಿನಲ್ಲೇ.
ನಾನು ಟೀ ಕುಡಿಯುತ್ತಾ ಕತ್ತೆತ್ತಿ ನೋಡುತ್ತಿದ್ದೆ,
ಯಾರಿಗೂ ಹೇಳುತ್ತಿರಲಿಲ್ಲ.

ಆಮೇಲೆ ಇದು ಬಂತು. ಗುಬ್ಬಚ್ಚಿ ಮಾರ್ಕ್.
ಅದೇ ಕೆಂಪು, ಅದೇ ಹಳದಿ, ಒಂದು ರೂಪಾಯಿ ಕಡಿಮೆ,
ಒಳಗೆ ಕಮಟು ಎಣ್ಣೆ.
ಮಲೇಬೆನ್ನೂರಿನ ಅಂಗಡಿಯವ ಹಾಜಿರಾಬಿಯ ಕಾಲಬುಡಕ್ಕೇ
ಹರಿದ ಪ್ಯಾಕೆಟ್ಟು ಎಸೆದುಹೋದ:
"ಮಗೀಗೆ ರಾತ್ರಿಯೆಲ್ಲ ವಾಂತಿ. ನಿನ್ನ ಹಕ್ಕಿ, ನೀನೇ ತಿನ್ನು."
ಅವಳು ಆ ಚೂರುಗಳನ್ನು ಆರಿಸಿಕೊಂಡು
ನೆಟ್ಟಗೆ ನನ್ನ ಅಂಗಡಿಗೆ ಬಂದಿದ್ದಳು.

ಎದುರು ವಕೀಲರು ಎದ್ದರು.
ಗುಬ್ಬಿ ಯಾರಪ್ಪನ ಸೊತ್ತು ಸ್ವಾಮಿ?
ಸೂರಿನಲ್ಲಿ ಗೂಡು ಕಟ್ಟುತ್ತೆ, ಅಂಗಳದಲ್ಲಿ ಕಾಳು ಹೆಕ್ಕುತ್ತೆ,
ಅದಕ್ಕೂ ಪಟ್ಟಾ ಉಂಟೇ?

ನಾನಂದೆ: ಅಂಗಳದ ಗುಬ್ಬಿಗೆ ಎರಡು ಕಾಲು ಸ್ವಾಮಿ.
ಇವೆರಡಕ್ಕೂ ಒಂದೊಂದೇ.
ಆ ತಪ್ಪು ನನ್ನದು. ಇನ್ನೊಬ್ಬರಿಗೆ ಅದು ಹೇಗೆ ಬಂತು ಕೇಳಿ.

ಕೋರ್ಟು ನಕ್ಕಿತು. ಟೈಪಿಸ್ಟು ಕೂಡ.
ನಗದವನು ಒಬ್ಬ, ಹಿಂದಿನ ಬೆಂಚಿನ ಕೊಟ್ರೇಶಿ,
ಒಂಬತ್ತು ವರ್ಷ ನನ್ನ ಹತ್ತಿರ ಸ್ಕ್ರೀನು ತೊಳೆದ ಹುಡುಗ.
ರೆಕ್ಕೆಯ ಬಾಗು ಅವನ ಕೈಹಿಡಿದು ತಿದ್ದಿಸಿದ್ದೆ.
ಕಾಲು ಹೇಳಿಕೊಡಲಿಲ್ಲ,
ನನಗೆ ಬಂದಿದ್ದರೆ ತಾನೆ.

ಒಂದು ಮಾತು ಮಾತ್ರ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದ ನಾಲಿಗೆ
ಹಲ್ಲಿನ ಹಿಂದೆ ಮಡಚಿಕೊಂಡಿತು.
ಅವ್ವನ ಒಲೆಯ ಗೂಡಿನಲ್ಲಿ ಒಂದು ಬೆಂಕಿಪೊಟ್ಟಣ ಇರುತ್ತಿತ್ತು.
ಅದರ ಮೇಲೊಂದು ಹಕ್ಕಿ.
ನನ್ನ ಮೊದಲ ಸ್ಲೇಟಿನ ಹಕ್ಕಿ ಅದೇ,
ಕಾಲಿದ್ದ ಜಾಗ ಗೀರಿ ಗೀರಿ ಸವೆದುಹೋಗಿತ್ತು.

ಹೊರಗೆ ಬೇವಿನ ಕೆಳಗೆ ಕೊಟ್ರೇಶಿ ಕಾದಿದ್ದ.
ಬೈಯಬೇಕೆಂದಿದ್ದೆ. ಅವನೇ ಮೊದಲು ಕೇಳಿದ:
"ಗುರುಗಳೇ, ಆ ಕಾಲು ಹೆಂಗ ಬರೀಬೇಕಿತ್ತು?"

ನೋಡಿ ಹೇಳ್ತೀನಿ, ಅಂದೆ.